1950ರ ದಶಕದ ಅಮೆರಿಕದ ಹೈಸ್ಕೂಲ್ ಮಕ್ಕಳು: ಗುಂಪು, ಬಟ್ಟೆ, ಹಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಚಿ ಕಾಮಿಕ್ಸ್ ಓದಿ ಬೆಳೆದವರು, ಎಲ್ವಿಸ್ ಹಾಡು ಕೇಳಿದವರು, ಹಳೇ ಹಾಲಿವುಡ್ ಸಿನಿಮಾ ನೋಡಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅಗಲವಾದ ಸ್ಕರ್ಟು, ಎಣ್ಣೆ ಹಚ್ಚಿ ಬಾಚಿದ ಕೂದಲು, ಮಿಲ್ಕ್‌ಶೇಕ್ ಅಂಗಡಿ ಎಲ್ಲರಿಗೂ ಗೊತ್ತು. ಆ ಬಟ್ಟೆ ಯಾರದ್ದು, ಆ ಹಾಡು ಯಾರದ್ದು, ಆ ಅಂಗಡಿಯೊಳಗೆ ಯಾರಿಗೆ ಜಾಗ ಇತ್ತು, ಯಾರಿಗೆ ಇರಲಿಲ್ಲ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ನನಗೆ ಮುಖ್ಯ ಅನಿಸುವುದು ಅದೇ.

ಇಲ್ಲಿ ಯಾವ ಕಾಲದ ಮಾತು?

ಹೆಚ್ಚೂ ಕಡಿಮೆ 1940ರಿಂದ 1964ರವರೆಗೆ. ನಡುವಿನ 1950ರ ದಶಕದ ಮಾತೇ ಜಾಸ್ತಿ.

ಅದಕ್ಕಿಂತ ಮೊದಲೂ ಹದಿನಾರು, ಹದಿನೇಳರ ಮಕ್ಕಳು ಇದ್ದರಲ್ಲ? ಇದ್ದಕ್ಕಿದ್ದಂತೆ ಏನಾಯಿತು?

ಮಕ್ಕಳು ಇದ್ದರು. ಆದರೆ ಒಂದೇ ಕಟ್ಟಡದಲ್ಲಿ, ಒಂದೇ ವಯಸ್ಸಿನ ನೂರಾರು ಜನ, ವರ್ಷಗಟ್ಟಲೆ ದಿನವೂ ಒಟ್ಟಿಗೆ ಇರುತ್ತಿರಲಿಲ್ಲ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಹೆಚ್ಚಿನ ಮಕ್ಕಳು ಹದಿನಾಲ್ಕಕ್ಕೆಲ್ಲ ಹೊಲಕ್ಕೋ ಕಾರ್ಖಾನೆಗೋ ಅಂಗಡಿಗೋ ಕೆಲಸಕ್ಕೆ ಹೋಗುತ್ತಿದ್ದರು. ಅಪ್ಪ ಅಮ್ಮ ಹಾಕಿದಂಥ ಬಟ್ಟೆಯನ್ನೇ ಹಾಕುತ್ತಿದ್ದರು.

1930ರ ದಶಕದ ಆರ್ಥಿಕ ಕುಸಿತ ಇದನ್ನೆಲ್ಲ ಬದಲಿಸಿತು. ದೊಡ್ಡವರಿಗೇ ಕೆಲಸ ಇಲ್ಲದಾಗ ಹುಡುಗರಿಗೆ ಯಾರು ಕೊಡುತ್ತಾರೆ? 1938ರ ಕಾರ್ಮಿಕ ಕಾನೂನು ಚಿಕ್ಕ ಮಕ್ಕಳ ದುಡಿಮೆಗೆ ಕಡಿವಾಣ ಹಾಕಿತು. ಬೇರೆ ದಾರಿ ಇಲ್ಲದೆ ಮಕ್ಕಳು ಶಾಲೆಯಲ್ಲೇ ಉಳಿದರು. 1940ರ ಹೊತ್ತಿಗೆ ಆ ವಯಸ್ಸಿನವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೈಸ್ಕೂಲ್ ಮುಗಿಸುತ್ತಿದ್ದರು. ವಕೀಲರ ಮಗ, ಗಣಿ ಕೆಲಸಗಾರನ ಮಗಳು, ಇಟಲಿಯಿಂದ ವಲಸೆ ಬಂದವರ ಮಗ ಎಲ್ಲರೂ ಒಂದೇ ಕಾರಿಡಾರಿನಲ್ಲಿ ಓಡಾಡತೊಡಗಿದರು. ಯಾರು ಯಾರ ಜೊತೆ ಊಟಕ್ಕೆ ಕೂರಬೇಕು ಅನ್ನುವ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಗುಂಪುಗಳು ನಿಜವಾಗಿ ಹೇಗಿದ್ದವು? ಸಿನಿಮಾದಲ್ಲಿ ತೋರಿಸುವಷ್ಟು ಬಿಗಿಯಾಗಿದ್ದವಾ?

ಇನ್ನೂ ಬಿಗಿಯಾಗಿದ್ದವು. ಇದಕ್ಕೆ ಒಳ್ಳೆಯ ಸಾಕ್ಷಿ ಇದೆ.

ಅಗಸ್ಟ್ ಹಾಲಿಂಗ್ಸ್‌ಹೆಡ್ ಎಂಬ ಸಮಾಜಶಾಸ್ತ್ರಜ್ಞ 1941-42ರಲ್ಲಿ ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿಗೆ ಹೋಗಿ, ಅಲ್ಲಿನ 735 ಹುಡುಗ ಹುಡುಗಿಯರನ್ನು ಹತ್ತಿರದಿಂದ ಗಮನಿಸಿದರು. ಊರಿನ ಹೆಸರು ಮರೆಮಾಚಿ, 1949ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಊರಿನ ಕುಟುಂಬಗಳನ್ನು ಐದು ವರ್ಗಗಳಾಗಿ ವಿಂಗಡಿಸಿ, ಮಕ್ಕಳ ಗೆಳೆತನವನ್ನು ಅದರ ಪಕ್ಕ ಇಟ್ಟು ನೋಡಿದರು. ಮಕ್ಕಳು ತಮ್ಮ ವರ್ಗದವರ ಜೊತೆಗೋ, ಒಂದು ಮೆಟ್ಟಿಲು ಆಚೀಚೆ ಇರುವವರ ಜೊತೆಗೋ ಮಾತ್ರ ಸ್ನೇಹ ಮಾಡುತ್ತಿದ್ದರು. ಅತಿ ಕೆಳಗಿನ ವರ್ಗದ ಮಕ್ಕಳಲ್ಲಿ ಹೆಚ್ಚಿನವರು ಹೈಸ್ಕೂಲ್ ಮುಗಿಸುವ ಮೊದಲೇ ಬಿಟ್ಟು ಹೋಗುತ್ತಿದ್ದರು. ಶಾಲೆಯ ಶಿಸ್ತು ಕೂಡ ಅಪ್ಪನ ಸ್ಥಾನಮಾನ ನೋಡಿ ಬಗ್ಗುತ್ತಿತ್ತು.

ಸುಮಾರು 15 ವರ್ಷ ಬಿಟ್ಟು, 1957-58ರಲ್ಲಿ, ಜೇಮ್ಸ್ ಕೋಲ್ಮನ್ ಅದೇ ರಾಜ್ಯದ 10 ಹೈಸ್ಕೂಲುಗಳಲ್ಲಿ ಸಮೀಕ್ಷೆ ಮಾಡಿದರು. ಶಾಲೆ ಬಿಟ್ಟ ಮೇಲೆ ನಿಮ್ಮನ್ನು ಜನ ಹೇಗೆ ನೆನಪಿಟ್ಟುಕೊಳ್ಳಬೇಕು ಎಂದು ಕೇಳಿದರೆ, ಹುಡುಗರಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿ ಆರಿಸಿದ್ದು ಒಳ್ಳೆಯ ಆಟಗಾರ ಅನ್ನುವುದನ್ನು. ಹುಡುಗಿಯರು ಬಯಸಿದ್ದು ಶಾಲೆಯ ಚಟುವಟಿಕೆಗಳಲ್ಲಿ ಮುಂದಿರುವುದು, ಎಲ್ಲರಿಗೂ ಬೇಕಾದವಳಾಗುವುದು. ಓದಿನಲ್ಲಿ ಜಾಣರು ಅನಿಸಿಕೊಳ್ಳುವ ಆಸೆ ಇಬ್ಬರಲ್ಲೂ ಹಿಂದೆ ಬಿದ್ದಿತ್ತು. ಮುಂದಾಳು ಗುಂಪಿಗೆ ಸೇರಬೇಕಾದರೆ ಏನಿರಬೇಕು ಎಂಬ ಪ್ರಶ್ನೆಗೆ ಹುಡುಗಿಯರ ಉತ್ತರದಲ್ಲಿ ರೂಪ ಮತ್ತು ಬಟ್ಟೆ ಮತ್ತೆ ಮತ್ತೆ ಬಂದವು.

ಬಟ್ಟೆಯ ವಿಷಯವನ್ನು ಸುಮ್ನೆ ಶೋಕಿ ಎಂದು ತಳ್ಳಿಹಾಕುವವರಿಗೆ ನಾನು ಈ ಎರಡು ಅಧ್ಯಯನಗಳನ್ನು ತೋರಿಸುತ್ತೇನೆ. ಒಂದು ಸ್ವೆಟರ್ ಕೊಳ್ಳಲು ಆಗದ ಹುಡುಗಿಗೆ ಊಟದ ಮೇಜಿನ ಬಳಿ ಕುರ್ಚಿ ಸಿಗುತ್ತಿರಲಿಲ್ಲ.

ಬಾಬಿ ಸಾಕ್ಸರ್‌ಗಳು ಅಂದರೆ ಯಾರು?

1940ರ ದಶಕದ ಹುಡುಗಿಯರು. ಪಾದದ ಗಂಟಿನ ಹತ್ತಿರ ಮಡಚಿದ ಗಿಡ್ಡ ಬಿಳಿ ಕಾಲುಚೀಲ, ಬಿಳಿ ಕಪ್ಪು ಬಣ್ಣದ ಸ್ಯಾಡಲ್ ಶೂ, ಮಂಡಿಯವರೆಗಿನ ಸ್ಕರ್ಟು, ಜೋಲುವ ಸ್ವೆಟರು. ಯುದ್ಧದ ಕಾಲದಲ್ಲಿ ನೈಲಾನ್ ಎಲ್ಲ ಪ್ಯಾರಾಚೂಟಿಗೆ ಹೋಗುತ್ತಿದ್ದರಿಂದ ಉದ್ದನೆಯ ಸ್ಟಾಕಿಂಗ್ಸ್ ಸಿಗುವುದೇ ಕಷ್ಟವಾಗಿತ್ತು. ಗಿಡ್ಡ ಕಾಲುಚೀಲ ಇನ್ನಷ್ಟು ಹಬ್ಬಲು ಅದೂ ಒಂದು ಕಾರಣ.

ಇವರು ಹೆಸರಾದದ್ದು ಗಾಯಕ ಫ್ರಾಂಕ್ ಸಿನಾತ್ರಾನ ಅಭಿಮಾನಿಗಳಾಗಿ. 1944ರ ಅಕ್ಟೋಬರ್ 12ರಂದು ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರಿನಲ್ಲಿ ಅವನ ಕಾರ್ಯಕ್ರಮ. ಒಳಗೆ ಕೂತವರು ಒಂದು ಶೋ ಮುಗಿದರೂ ಏಳಲಿಲ್ಲ, ಮುಂದಿನ ಶೋಗೂ ಅಲ್ಲೇ ಕೂತರು. ಹೊರಗೆ ಸುಮಾರು 30 ಸಾವಿರ ಜನ ಸೇರಿ, ಟೈಮ್ಸ್ ಸ್ಕ್ವೇರ್ ಸುತ್ತಮುತ್ತ ಓಡಾಟವೇ ನಿಂತಿತು. ಪತ್ರಿಕೆಗಳು ಇದನ್ನು ಹುಚ್ಚು ಎಂದು ಬರೆದವು. ಹುಡುಗಿಯರು ತಮ್ಮ ಇಷ್ಟವನ್ನು ಬೀದಿಯಲ್ಲಿ ನಿಂತು ಜೋರಾಗಿ ಹೇಳಿದ್ದು ದೊಡ್ಡವರಿಗೆ ಹೊಸದಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಸೆವೆಂಟೀನ್' ಪತ್ರಿಕೆ ಶುರುವಾಯಿತು. ಈ ಹುಡುಗಿಯರಿಗೆ ಸರಕು ಮಾರಬಹುದು ಎಂದು ವ್ಯಾಪಾರಿಗಳಿಗೆ ಅಷ್ಟು ಹೊತ್ತಿಗೆ ತಿಳಿದುಹೋಗಿತ್ತು.

ಬಟ್ಟೆಗಾಗಿ ನಿಜವಾಗಿಯೂ ಗಲಭೆ ಆಗಿತ್ತಾ?

ಆಗಿತ್ತು. 1943ರ ಜೂನ್ ತಿಂಗಳು, ಲಾಸ್ ಏಂಜಲೀಸ್.

ಝೂಟ್ ಸೂಟ್ ಅಂದರೆ ಮಂಡಿಯವರೆಗೆ ಇಳಿಯುವ ಕೋಟು, ಅಗಲವಾದ ಭುಜ, ಸೊಂಟದ ಮೇಲಕ್ಕೆ ಏರಿಸಿ ಕಟ್ಟಿದ ದೊಗಲೆ ಪ್ಯಾಂಟು, ಕೆಳಗೆ ಬಿಗಿಯಾದ ಪಟ್ಟಿ, ತೂಗಾಡುವ ಉದ್ದದ ಸರಪಳಿ. ನ್ಯೂಯಾರ್ಕಿನ ಹಾರ್ಲೆಮ್‌ನಂಥ ಕಡೆ ಕಪ್ಪು ಯುವಕರಲ್ಲಿ, ಜಾಝ್ ಕುಣಿತದ ಹಾಲ್‌ಗಳಲ್ಲಿ ಬೆಳೆದ ಈ ಶೈಲಿಯನ್ನು ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಅಮೆರಿಕನ್ ಹುಡುಗರು ತಮ್ಮದಾಗಿಸಿಕೊಂಡರು. ಪಚೂಕೋ ಎಂದು ಅವರನ್ನು ಕರೆಯುತ್ತಿದ್ದರು. ಪಚೂಕಾ ಹುಡುಗಿಯರೂ ಇದ್ದರು. ಎತ್ತರಕ್ಕೆ ಕಟ್ಟಿದ ಕೂದಲು, ಗಾಢ ಲಿಪ್‌ಸ್ಟಿಕ್, ಉದ್ದದ ಕೋಟು ಅವರ ಗುರುತು.

1942ರಲ್ಲಿ ಸರ್ಕಾರ ಯುದ್ಧಕ್ಕಾಗಿ ಬಟ್ಟೆಯ ಬಳಕೆಗೆ ಮಿತಿ ಹಾಕಿತ್ತು. ಇಷ್ಟು ಬಟ್ಟೆ ಹಿಡಿಯುವ ಸೂಟು ದೇಶದ್ರೋಹದ ಗುರುತು ಎಂದು ಪತ್ರಿಕೆಗಳು ಬಿಂಬಿಸಿದವು. ಜೂನ್ 3ರಿಂದ ಕೆಲವು ರಾತ್ರಿ ನೌಕಾಪಡೆಯ ಹುಡುಗರು ಟ್ಯಾಕ್ಸಿಗಳಲ್ಲಿ ಗುಂಪು ಗುಂಪಾಗಿ ಬಂದು, ಸಿನಿಮಾ ಮಂದಿರಗಳಿಗೆ, ಟ್ರಾಮ್‌ಗಳಿಗೆ ನುಗ್ಗಿ, ಮೆಕ್ಸಿಕನ್ ಹುಡುಗರನ್ನು ಹೊರಗೆಳೆದು ಹೊಡೆದರು. ನಡುಬೀದಿಯಲ್ಲಿ ಅವರ ಬಟ್ಟೆ ಬಿಚ್ಚಿಸಿ ಹರಿದರು. ಪೊಲೀಸರು ಹಿಡಿದದ್ದು ಹೆಚ್ಚಾಗಿ ಹೊಡೆತ ತಿಂದವರನ್ನೇ. ಕೊನೆಗೆ ಸೇನೆ ತನ್ನ ಜನರಿಗೆ ಆ ಊರಿಗೆ ಕಾಲಿಡಬಾರದು ಎಂದು ಆದೇಶ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು. ನಗರಸಭೆ ಅಂಗೀಕರಿಸಿದ ಠರಾವು ಏನು ಗೊತ್ತೇ? ಝೂಟ್ ಸೂಟ್ ಹಾಕುವುದರ ವಿರುದ್ಧ.

ಈ ಘಟನೆ ಬಿಟ್ಟು 50ರ ದಶಕದ ಫ್ಯಾಷನ್ ಬಗ್ಗೆ ಮಾತಾಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಹುಡುಗರ ಬಟ್ಟೆ ನೋಡಿ ಅಪರಾಧಿ ಎಂದು ತೀರ್ಮಾನಿಸುವ ಅಭ್ಯಾಸ ಆ ಹೊತ್ತಿಗಾಗಲೇ ಬೇರು ಬಿಟ್ಟಿತ್ತು.

ಗ್ರೀಸರ್‌ಗಳು ಯಾರು? ರೌಡಿಗಳಾ?

ಹೆಚ್ಚಿನವರು ಕೂಲಿ, ಕಾರ್ಖಾನೆ ಕೆಲಸದ ಮನೆಗಳ ಹುಡುಗರು. ಪೂರ್ವದ ನಗರಗಳಲ್ಲಿ ಇಟಾಲಿಯನ್, ಪೋಲಿಷ್ ಕುಟುಂಬದವರು, ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆ ಮೆಕ್ಸಿಕನ್ ಕುಟುಂಬದವರು. ಬಿಳಿ ಟೀ ಶರ್ಟು, ಜೀನ್ಸು, ಚರ್ಮದ ಜಾಕೆಟ್ಟು ಅಥವಾ ಮೆಕ್ಯಾನಿಕ್‌ಗಳ ಜಾಕೆಟ್ಟು. ಕೂದಲಿಗೆ ಪೊಮೇಡ್ ಎಂಬ ಜಿಡ್ಡಿನ ಕ್ರೀಮ್ ಮೆತ್ತಿ, ಎರಡೂ ಕಡೆಯಿಂದ ಹಿಂದಕ್ಕೆ ಬಾಚಿ, ಹಿಂಭಾಗದಲ್ಲಿ ಬಾತುಕೋಳಿಯ ಬಾಲದ ಹಾಗೆ ಕೂಡಿಸುತ್ತಿದ್ದರು. ಜೇಬಿನಲ್ಲಿ ಸದಾ ಬಾಚಣಿಗೆ.

ಈ ಬಟ್ಟೆಗಳಲ್ಲಿ ಒಂದೂ ದುಬಾರಿ ಫ್ಯಾಷನ್ ಅಂಗಡಿಯಿಂದ ಬಂದದ್ದಲ್ಲ. ಟೀ ಶರ್ಟು ಸೈನಿಕರ ಒಳ ಅಂಗಿ. ಜೀನ್ಸು ಗಣಿ, ಹೊಲದ ಕೆಲಸದ ಬಟ್ಟೆ. ಚರ್ಮದ ಜಾಕೆಟ್ಟು ಬೈಕ್ ಸವಾರರದ್ದು, ವಿಮಾನ ಹಾರಿಸುವವರದ್ದು. ದುಡಿಯುವವರ ಬಟ್ಟೆಯನ್ನೇ ಹುಡುಗರು ಠೀವಿಯಿಂದ ಹಾಕಿಕೊಂಡರು. 1953ರ ಸಿನಿಮಾ ಒಂದರಲ್ಲಿ ಮಾರ್ಲನ್ ಬ್ರಾಂಡೊ ಚರ್ಮದ ಜಾಕೆಟ್ ಹಾಕಿ ಬೈಕ್ ಏರಿದ ಮೇಲೆ ಅದು ದೇಶವ್ಯಾಪಿಯಾಯಿತು. 1955ರ ಇನ್ನೊಂದು ಸಿನಿಮಾದಲ್ಲಿ ಜೇಮ್ಸ್ ಡೀನ್ ಕೆಂಪು ಜಾಕೆಟ್ ಹಾಕಿ ಬಂದ. ಆ ಚಿತ್ರ ತೆರೆಗೆ ಬರುವ ಸುಮಾರು ಒಂದು ತಿಂಗಳ ಮೊದಲೇ, ಸೆಪ್ಟೆಂಬರ್ 30ರಂದು, ಕಾರು ಅಪಘಾತದಲ್ಲಿ ಅವನು ತೀರಿಕೊಂಡಿದ್ದ. ಆಗ ಅವನಿಗೆ 24 ವರ್ಷ.

ಇವರಲ್ಲಿ ಹೊಡೆದಾಟ ಮಾಡುವವರೂ ಇದ್ದರು, ಸುಮ್ನೆ ಕಾರು ಬಿಚ್ಚಿ ಜೋಡಿಸುತ್ತಾ ಇರುವವರೂ ಇದ್ದರು. ಶಾಲೆಯ ಕಣ್ಣಿಗೆ ಇಬ್ಬರೂ ಒಂದೇ.

ಹಾಗಾದರೆ ಎದುರು ಗುಂಪು ಯಾವುದು?

ಕಾಲೇಜಿಗೆ ಹೋಗುವುದು ಖಾತ್ರಿ ಇದ್ದ ಮನೆಗಳ ಮಕ್ಕಳು. ಹುಡುಗರಿಗೆ ಕಾಲರಿಗೆ ಗುಂಡಿ ಇರುವ ಶರ್ಟು, ಖಾಕಿ ಬಣ್ಣದ ಚೀನೋಸ್ ಪ್ಯಾಂಟು, ಲೇಸ್ ಇಲ್ಲದ ಪೆನ್ನಿ ಲೋಫರ್ ಶೂ, ಗಿಡ್ಡ ಕತ್ತರಿಸಿದ ಕ್ರೂ ಕಟ್ ಕೂದಲು. ಹುಡುಗಿಯರಿಗೆ ಕಾರ್ಡಿಗನ್, ದುಂಡು ಕಾಲರು, ಕೊರಳಿಗೆ ಸಣ್ಣ ಸ್ಕಾರ್ಫು, ಪೋನಿಟೇಲ್. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಹುಡುಗರ ಉಡುಪಿನ ನೆರಳು ಇದು. ಊರಿಂದ ಊರಿಗೆ ಈ ಗುಂಪಿನ ಹೆಸರು ಬದಲಾಗುತ್ತಿತ್ತು. ಎದ್ದು ಕಾಣದ ಬಟ್ಟೆ, ಆದರೆ ಸರಿಯಾದ ಅಂಗಡಿಯದ್ದೇ ಆಗಿರಬೇಕು.

ಶಾಲೆಗೆ ಜೀನ್ಸ್ ಹಾಕಿ ಬರಬಾರದು ಎಂದು ಯಾಕೆ ಹೇಳುತ್ತಿದ್ದರು?

ಸಿನಿಮಾ ನೋಡಿದ ದೊಡ್ಡವರಿಗೆ ಜೀನ್ಸ್ ಅಂದರೆ ಪುಂಡಾಟ ಎಂದಾಗಿತ್ತು. ಇದು ಕೂಲಿಯವರ ಬಟ್ಟೆ, ನಮ್ಮ ಮಕ್ಕಳಿಗೆ ಬೇಡ ಎಂಬ ಭಾವನೆಯೂ ಇತ್ತು. 1957ರಲ್ಲಿ ಲೆವೈಸ್ ಕಂಪನಿ ಜೀನ್ಸ್ ತೊಟ್ಟ ಅಚ್ಚುಕಟ್ಟಾದ ಹುಡುಗನ ಚಿತ್ರ ಹಾಕಿ, ಇದು ಶಾಲೆಗೆ ತಕ್ಕ ಬಟ್ಟೆ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಪೋಷಕರಿಂದ ಸಿಟ್ಟಿನ ಪತ್ರಗಳು ಬಂದವು. ಪಶ್ಚಿಮದ ಹಳ್ಳಿಗಳಿಗೆ ಸರಿ ಇರಬಹುದು, ನಮ್ಮ ಪೂರ್ವದ ಊರುಗಳಿಗೆ ಅಲ್ಲ ಎಂಬುದು ನ್ಯೂಜೆರ್ಸಿಯ ಒಬ್ಬ ಮಹಿಳೆಯ ತಕರಾರು.

ಪೂಡಲ್ ಸ್ಕರ್ಟ್ ಕಥೆ ಏನು?

ನನಗೆ ಬಹಳ ಇಷ್ಟವಾದ ಕಥೆ ಇದು. 1947ರ ಕ್ರಿಸ್‌ಮಸ್ ಹೊತ್ತಿಗೆ ಜೂಲಿ ಲಿನ್ ಷಾರ್ಲೋ ಎಂಬ ಗಾಯಕಿಗೆ ಪಾರ್ಟಿಗೆ ಹೋಗಲು ಹೊಸ ಬಟ್ಟೆ ಬೇಕಿತ್ತು. ಕೈಯಲ್ಲಿ ಹಣ ಇರಲಿಲ್ಲ, ಹೊಲಿಯಲು ಬರುತ್ತಿರಲಿಲ್ಲ. ಅಮ್ಮನ ಕಾರ್ಖಾನೆಯಲ್ಲಿ ಫೆಲ್ಟ್ ಬಟ್ಟೆ ಇತ್ತು. ಫೆಲ್ಟನ್ನು ಕತ್ತರಿಸಿದರೆ ಅಂಚಿನಲ್ಲಿ ದಾರ ಬಿಚ್ಚುವುದಿಲ್ಲ. ದೊಡ್ಡ ವೃತ್ತ ಕತ್ತರಿಸಿ, ನಡುವೆ ಸೊಂಟಕ್ಕೆ ತೂತು ಮಾಡಿ, ಮೇಲೆ ಕ್ರಿಸ್‌ಮಸ್ ಚಿತ್ತಾರಗಳನ್ನು ಅಂಟಿಸಿದಳು. ನೋಡಿದವರಿಗೆಲ್ಲ ಹಿಡಿಸಿತು. ಬೆವರ್ಲಿ ಹಿಲ್ಸ್‌ನ ಅಂಗಡಿಯೊಂದು ಅಂಥವನ್ನೇ ಮಾಡಿಸಿ ಮಾರಿತು. ಹಬ್ಬ ಮುಗಿದ ಮೇಲೆ ನಾಯಿಗಳ ಚಿತ್ರ ಬಂತು. ಅದರಲ್ಲಿ ಪೂಡಲ್ ನಾಯಿಯದ್ದು ಎಲ್ಲಕ್ಕಿಂತ ಹೆಸರಾಯಿತು. ಷಾರ್ಲೋ 2024ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಸ್ಕರ್ಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದಿತ್ತು. ಅದು ಅಷ್ಟು ಬೇಗ ಹರಡಲು ಇದೂ ಕಾರಣ. ಸ್ಕರ್ಟು ಅಗಲವಾಗಿ ನಿಲ್ಲಲು ಒಳಗೆ ಗಟ್ಟಿ ಲಂಗಗಳು ಬೇಕಿದ್ದವು. ಒಂದರ ಮೇಲೊಂದು ಹಾಕಿ, ಗಂಜಿಯಲ್ಲೋ ಸಕ್ಕರೆ ನೀರಿನಲ್ಲೋ ಅದ್ದಿ ಒಣಗಿಸುತ್ತಿದ್ದರು. ಆದರೆ ದಿನವೂ ಎಲ್ಲರೂ ಪೂಡಲ್ ಸ್ಕರ್ಟ್ ಹಾಕುತ್ತಿದ್ದರು ಅನ್ನುವುದು ಈಗಿನ ಕಲ್ಪನೆ. ತರಗತಿಗೆ ಸಾಮಾನ್ಯವಾಗಿ ಚೌಕಳಿ ಉಣ್ಣೆಯ ಸ್ಕರ್ಟು, ಬ್ಲೌಸು, ಸ್ವೆಟರ್. ಹುಡುಗಿಯರು ಪ್ಯಾಂಟ್ ಹಾಕಿ ಬರಲು ಹೆಚ್ಚಿನ ಶಾಲೆಗಳು ಬಿಡುತ್ತಿರಲಿಲ್ಲ.

ಹುಡುಗನ ಜಾಕೆಟ್ಟು, ಉಂಗುರ ಹುಡುಗಿ ಹಾಕಿಕೊಳ್ಳುವುದು ಯಾಕೆ?

ಶಾಲೆಯ ತಂಡದಲ್ಲಿ ಆಡಿದವರಿಗೆ ಶಾಲೆಯ ಹೆಸರಿನ ಅಕ್ಷರ ಸಿಗುತ್ತಿತ್ತು. ಅದನ್ನು ಸ್ವೆಟರಿಗೋ ಜಾಕೆಟಿಗೋ ಹೊಲಿಸಿಕೊಳ್ಳುತ್ತಿದ್ದರು. 1865ರಲ್ಲಿ ಹಾರ್ವರ್ಡ್‌ನ ಬೇಸ್‌ಬಾಲ್ ತಂಡದಿಂದ ಶುರುವಾದ ಪದ್ಧತಿ ಇದು. ಒಬ್ಬನ ಜೊತೆ ಮಾತ್ರ ಓಡಾಡುವ ಹುಡುಗಿ ಅವನ ಸ್ವೆಟರ್ ಹಾಕುತ್ತಿದ್ದಳು, ಅಥವಾ ಅವನ ಉಂಗುರವನ್ನು ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಇದಕ್ಕೆ ಗೋಯಿಂಗ್ ಸ್ಟೆಡಿ ಎಂದು ಹೆಸರು.

ನಮ್ಮ ಓದುಗರಿಗೆ ಇದು ಮಕ್ಕಳಾಟ ಅನಿಸಬಹುದು. ಆದರೆ 1956ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಮೊದಲ ಮದುವೆಯ ನಡುವಣ ವಯಸ್ಸು 20.1. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ವಧುಗಳಿಗೆ ಇಪ್ಪತ್ತು ತುಂಬಿರಲಿಲ್ಲ. ಆ ಉಂಗುರದ ಹಿಂದೆ ಮನೆ, ಮಕ್ಕಳು, ಬದುಕಿನ ಪೂರ್ತಿ ಲೆಕ್ಕಾಚಾರ ಇರುತ್ತಿತ್ತು. ಯಾವ ಗುಂಪಿನ ಹುಡುಗ ಅನ್ನುವುದು ಅದಕ್ಕೇ ಅಷ್ಟು ದೊಡ್ಡ ವಿಷಯವಾಗಿತ್ತು.

ರಾಕ್ ಅಂಡ್ ರೋಲ್ ಎಲ್ಲಿಂದ ಬಂತು?

ಕಪ್ಪು ಸಂಗೀತಗಾರರ ರಿದಮ್ ಅಂಡ್ ಬ್ಲೂಸ್, ಚರ್ಚಿನ ಗಾಸ್ಪೆಲ್ ಹಾಡು, ಜೊತೆಗೆ ದಕ್ಷಿಣದ ಬಿಳಿಯರ ಹಳ್ಳಿ ಹಾಡುಗಳಿಂದ. ಕ್ಲೀವ್‌ಲ್ಯಾಂಡ್‌ನ ರೇಡಿಯೊದಲ್ಲಿ ಅಲನ್ ಫ್ರೀಡ್ ಎಂಬ ಬಿಳಿಯ ನಿರೂಪಕ ಕಪ್ಪು ಗಾಯಕರ ಹಾಡುಗಳನ್ನು ರಾತ್ರಿ ಹೊತ್ತು ಹಾಕುತ್ತಿದ್ದ. 1952ರ ಮಾರ್ಚ್ 21ರಂದು ಅವನು ಏರ್ಪಡಿಸಿದ ಕಾರ್ಯಕ್ರಮಕ್ಕೆ ಜಾಗಕ್ಕಿಂತ ಎಷ್ಟೋ ಪಟ್ಟು ಜನ ಬಂದು, ಶುರುವಾದ ಸ್ವಲ್ಪ ಹೊತ್ತಿಗೇ ನಿಲ್ಲಿಸಬೇಕಾಯಿತು. 1955ರ ಜುಲೈನಲ್ಲಿ ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್' ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು.

ಇಲ್ಲಿ ಒಂದು ಅನ್ಯಾಯವನ್ನು ಹೇಳಲೇಬೇಕು. 'ಹೌಂಡ್ ಡಾಗ್' ಎಲ್ವಿಸ್ ಹಾಡು ಎಂದು ಎಲ್ಲರೂ ತಿಳಿದಿದ್ದಾರೆ. ಅದನ್ನು 1952ರಲ್ಲಿ ಮೊದಲು ಹಾಡಿ ಧ್ವನಿಮುದ್ರಿಸಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. ಲಿಟಲ್ ರಿಚರ್ಡ್ 'ಟುಟ್ಟಿ ಫ್ರುಟ್ಟಿ' ಹಾಡಿದ. ಬಿಳಿ ಶೂ ಹಾಕುವ, ಒಳ್ಳೆ ಮನೆತನದ ಹುಡುಗನಂತೆ ಕಾಣುವ ಪ್ಯಾಟ್ ಬೂನ್ ಅದನ್ನೇ ಮೆತ್ತಗೆ ಹಾಡಿದ. ಪಾಪ್ ಪಟ್ಟಿಯಲ್ಲಿ ಬೂನ್ ಹಾಡು 12ನೇ ಸ್ಥಾನಕ್ಕೆ ಏರಿತು, ರಿಚರ್ಡ್‌ದು 17ಕ್ಕೇ ನಿಂತಿತು. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಯಾವುದರಲ್ಲಿ ಜೀವ ಇದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

1956ರ ಸೆಪ್ಟೆಂಬರ್ 9ರಂದು ಎಡ್ ಸಲಿವನ್ ಟಿವಿ ಶೋನಲ್ಲಿ ಎಲ್ವಿಸ್ ಹಾಡಿದಾಗ ಸುಮಾರು 6 ಕೋಟಿ ಜನ ನೋಡಿದರು. 1957ರ ಜನವರಿಯ ಕಾರ್ಯಕ್ರಮದಲ್ಲಿ ಕ್ಯಾಮೆರಾ ಅವನ ಸೊಂಟದ ಕೆಳಗೆ ಇಳಿಯಲಿಲ್ಲ.

ಹಾಡು ಹುಡುಗರ ಕೈಗೆ ಬರಲು ಯಂತ್ರಗಳೂ ನೆರವಾದವು. 1949ರಲ್ಲಿ ಆರ್‌ಸಿಎ ಕಂಪನಿ ತಂದ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು ತಿರುಗುವ) ಸಣ್ಣ ಗ್ರಾಮಫೋನ್ ಡಿಸ್ಕು ಪಾಕೆಟ್ ಮನಿಯಲ್ಲಿ ಕೊಳ್ಳುವಷ್ಟು ಅಗ್ಗ. 1954ರಲ್ಲಿ 49.95 ಡಾಲರಿಗೆ ರೀಜೆನ್ಸಿ ಟ್ರಾನ್ಸಿಸ್ಟರ್ ರೇಡಿಯೊ ಬಂತು. ಆಗ ಅದು ದುಬಾರಿಯೇ. ದಶಕದ ಕೊನೆಗೆ ಜಪಾನಿನ ಅಗ್ಗದ ಸೆಟ್‌ಗಳು ಬಂದವು. ಹಜಾರದ ದೊಡ್ಡ ರೇಡಿಯೊ ಅಪ್ಪನದ್ದು. ದಿಂಬಿನ ಕೆಳಗಿನ ಪುಟ್ಟ ರೇಡಿಯೊ ಮಗಳದ್ದು.

'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಯಾಕೆ ಅಷ್ಟು ಮುಖ್ಯ?

ಫಿಲಡೆಲ್ಫಿಯಾದ ಸ್ಥಳೀಯ ಟಿವಿಯಲ್ಲಿ 1952ರಲ್ಲಿ ಶುರುವಾದ ಕಾರ್ಯಕ್ರಮ ಇದು. 1956ರಲ್ಲಿ ಡಿಕ್ ಕ್ಲಾರ್ಕ್ ನಿರೂಪಕನಾದ. 1957ರ ಆಗಸ್ಟ್ 5ರಿಂದ ಎಬಿಸಿ ವಾಹಿನಿಯಲ್ಲಿ ಇಡೀ ದೇಶಕ್ಕೆ ಪ್ರಸಾರವಾಯಿತು. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಸ್ಟುಡಿಯೊದಲ್ಲಿ ಆ ಊರಿನ ಹೈಸ್ಕೂಲ್ ಮಕ್ಕಳು ಹೊಸ ಹಾಡಿಗೆ ಕುಣಿಯುತ್ತಿದ್ದರು. ದೂರದ ಊರಿನ ಹುಡುಗಿ ಮನೆಯಲ್ಲಿ ಕೂತು, ಅವರ ಹೆಜ್ಜೆ, ಕೂದಲು, ಕಾಲರು ಎಲ್ಲವನ್ನೂ ನೋಡಿ ಕಲಿಯುತ್ತಿದ್ದಳು. ದಿನವೂ ಕುಣಿಯುವ ಮಕ್ಕಳಿಗೇ ಅಭಿಮಾನಿಗಳ ಪತ್ರಗಳು ರಾಶಿ ರಾಶಿ ಬರುತ್ತಿದ್ದವು. ಹುಡುಗರಿಗೆ ಕೋಟು, ಟೈ ಕಡ್ಡಾಯ. ಹುಡುಗಿಯರು ಪ್ಯಾಂಟ್ ಹಾಕುವಂತಿಲ್ಲ. ರಾಕ್ ಅಂಡ್ ರೋಲ್ ಅಂದರೆ ಭಯಪಡುವ ಪೋಷಕರನ್ನು ಸಮಾಧಾನ ಮಾಡಲು ಇಷ್ಟು ಬೇಕಿತ್ತು.

ಬರೀ ಬಟ್ಟೆಯ ನಿಯಮ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಫಿಲಡೆಲ್ಫಿಯಾದ ವರ್ಷಗಳಲ್ಲಿ ಕಪ್ಪು ಮಕ್ಕಳನ್ನು ಸ್ಟುಡಿಯೊ ಬಾಗಿಲಲ್ಲೇ ತಡೆಯುತ್ತಿದ್ದರು. ವೇದಿಕೆಯ ಮೇಲೆ ಕಪ್ಪು ಗಾಯಕರು, ಕುಣಿಯುವ ಜಾಗದಲ್ಲಿ ಹೆಚ್ಚೂ ಕಡಿಮೆ ಬಿಳಿಯರೇ. ಅಲ್ಲೇ ಹತ್ತಿರದ ವಿಲ್ಮಿಂಗ್ಟನ್‌ನಲ್ಲಿ ಮಿಚ್ ಥಾಮಸ್ ಎಂಬ ಕಪ್ಪು ನಿರೂಪಕ 1955ರಿಂದ 1958ರವರೆಗೆ ಕಪ್ಪು ಮಕ್ಕಳ ನೃತ್ಯ ಕಾರ್ಯಕ್ರಮ ನಡೆಸಿದ. ಅಲ್ಲಿ ಮಕ್ಕಳು ಕುಣಿಯುತ್ತಿದ್ದ 'ಸ್ಟ್ರೋಲ್' ಬ್ಯಾಂಡ್‌ಸ್ಟ್ಯಾಂಡ್ ಮಕ್ಕಳ ಮೂಲಕ ಇಡೀ ದೇಶದ ಕುಣಿತವಾಯಿತು. ಬಾಲ್ಟಿಮೋರ್‌ನ ಬಡ್ಡಿ ಡೀನ್ ಶೋ ಎಂಬ ಇಂಥದ್ದೇ ಟಿವಿ ನೃತ್ಯ ಕಾರ್ಯಕ್ರಮ ತಾರತಮ್ಯದಲ್ಲಿ ಇನ್ನೂ ಮುಂದೆ ಹೋಯಿತು. ಕಪ್ಪು ಮತ್ತು ಬಿಳಿ ಮಕ್ಕಳು ಒಟ್ಟಿಗೆ ಕುಣಿಯಲಿ ಎಂಬ ಒತ್ತಡ ಬಂದಾಗ, 1964ರಲ್ಲಿ ಕಾರ್ಯಕ್ರಮವನ್ನೇ ಮುಚ್ಚಿದರು.

1957ರಲ್ಲಿ ಅಲನ್ ಫ್ರೀಡ್‌ನ ಟಿವಿ ಶೋದಲ್ಲಿ ಫ್ರಾಂಕಿ ಲೈಮನ್ ಎಂಬ ಕಪ್ಪು ಹುಡುಗ ಗಾಯಕ ಒಬ್ಬ ಬಿಳಿಯ ಹುಡುಗಿಯ ಜೊತೆ ಕೆಲವು ಕ್ಷಣ ಕುಣಿದ. ಆಗ ಅವನಿಗೆ ಹದಿನಾಲ್ಕೋ ಹದಿನೈದೋ ವಯಸ್ಸು. ದಕ್ಷಿಣದ ಟಿವಿ ಕೇಂದ್ರಗಳು ರೊಚ್ಚಿಗೆದ್ದವು. ಆ ಶೋ ಬೇಗನೇ ನಿಂತುಹೋಯಿತು.

ಕಪ್ಪು ಮಕ್ಕಳ ಶಾಲಾ ಜೀವನ ಹೇಗಿತ್ತು?

ದಕ್ಷಿಣದಲ್ಲಿ ಅವರ ಶಾಲೆಯೇ ಬೇರೆ. ಅಲ್ಲಿಯೂ ಬ್ಯಾಂಡು, ಫುಟ್‌ಬಾಲು, ಪ್ರಾಮ್ ಎಂಬ ವರ್ಷದ ಕೊನೆಯ ನೃತ್ಯಕೂಟ ಎಲ್ಲ ಇತ್ತು. ನಗರಗಳ ಬೀದಿ ಮೂಲೆಗಳಲ್ಲಿ ನಾಲ್ಕೈದು ಹುಡುಗರು ಸೇರಿ, ಯಾವ ವಾದ್ಯವೂ ಇಲ್ಲದೆ, ಬರೀ ಕಂಠಗಳನ್ನು ಹೆಣೆದು ಡೂ-ವಾಪ್ ಹಾಡುತ್ತಿದ್ದರು.

1954ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಶಾಲೆಗಳ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದಿತು. 1957ರ ಸೆಪ್ಟೆಂಬರ್ 4ರಂದು ಅರ್ಕನ್ಸಾಸ್‌ನ ಲಿಟಲ್ ರಾಕ್‌ನಲ್ಲಿ 15 ವರ್ಷದ ಕಪ್ಪು ಹುಡುಗಿ ಎಲಿಜಬೆತ್ ಎಕ್‌ಫರ್ಡ್, ಅಲ್ಲಿಯವರೆಗೆ ಬಿಳಿಯರಿಗೆ ಮಾತ್ರ ಇದ್ದ ಸೆಂಟ್ರಲ್ ಹೈಸ್ಕೂಲಿಗೆ ಒಬ್ಬಳೇ ನಡೆದು ಬಂದಳು. ಮನೆಯಲ್ಲಿ ಫೋನ್ ಇರಲಿಲ್ಲ. ಆ ಶಾಲೆಗೆ ಸೇರಲಿದ್ದ ಒಂಬತ್ತು ಕಪ್ಪು ಮಕ್ಕಳೂ ಒಟ್ಟಿಗೆ ಹೋಗೋಣ ಎಂಬ ಸುದ್ದಿ ಅವಳಿಗೆ ತಲುಪಿರಲಿಲ್ಲ. ಮೊದಲ ದಿನಕ್ಕೆಂದು ತಾನೇ ಹೊಲಿದ ಉಡುಪು ತೊಟ್ಟಿದ್ದಳು. ಬಿಳಿ ಬಟ್ಟೆ, ಕೆಳಗೆ ಚೌಕಳಿ ಅಂಚು, ಕಣ್ಣಿಗೆ ಕಪ್ಪು ಕನ್ನಡಕ. ಬಂದೂಕು ಹಿಡಿದ ರಾಜ್ಯದ ಕಾವಲುಪಡೆ ಅವಳನ್ನು ತಡೆಯಿತು. ಹಿಂದಿನಿಂದ ಜನ ಕಿರುಚುತ್ತಿದ್ದರು. ಆ ಫೋಟೊ ನೋಡಿ. ಕಿರುಚುವ ಹುಡುಗಿಯರೂ ಅದೇ ವಯಸ್ಸಿನವರು, ಅವರೂ ಅಷ್ಟೇ ಚೆಂದವಾಗಿ ಬಟ್ಟೆ ಹಾಕಿ ಬಂದಿದ್ದಾರೆ.

ಆಮೇಲೆ ಕೇಂದ್ರ ಸರ್ಕಾರದ ಸೈನ್ಯದ ಕಾವಲಿನಲ್ಲಿ ಒಳಗೆ ಹೋದ ಮೇಲೂ ಆ ಒಂಬತ್ತು ಮಕ್ಕಳು ಕ್ರೀಡೆ, ಗಾಯನ, ಕ್ಲಬ್ಬು ಯಾವುದಕ್ಕೂ ಸೇರುವಂತಿರಲಿಲ್ಲ. ಪಾಠಕ್ಕೆ ಮಾತ್ರ ಬಾಗಿಲು ತೆರೆಯಿತು. ಮರುವರ್ಷ ಅಲ್ಲಿಂದ ಪಾಸಾದ ಮೊದಲ ಕಪ್ಪು ವಿದ್ಯಾರ್ಥಿ ಅರ್ನೆಸ್ಟ್ ಗ್ರೀನ್.

ಮಕ್ಕಳ ಕೈಗೆ ಅಷ್ಟು ದುಡ್ಡು ಎಲ್ಲಿಂದ ಬಂತು?

ಯುದ್ಧದ ನಂತರ ಅಪ್ಪಂದಿರಿಗೆ ಒಳ್ಳೆ ಸಂಬಳ, ಮಕ್ಕಳಿಗೆ ವಾರದ ಪಾಕೆಟ್ ಮನಿ. ಜೊತೆಗೆ ಪೇಪರ್ ಹಾಕುವುದು, ಪಕ್ಕದ ಮನೆಯ ಮಗು ನೋಡಿಕೊಳ್ಳುವುದು, ಅಂಗಡಿ ಕೆಲಸ. ಬಡ ಮಕ್ಕಳು ತಮ್ಮ ಸಂಬಳವನ್ನು ಮನೆಗೆ ಕೊಡುತ್ತಿದ್ದರು, ಈ ಮಕ್ಕಳು ತಮ್ಮದನ್ನು ತಮಗೇ ಇಟ್ಟುಕೊಳ್ಳಬಹುದಿತ್ತು. 1959ರ ಆಗಸ್ಟಿನಲ್ಲಿ 'ಲೈಫ್' ಪತ್ರಿಕೆ ಹದಿಹರೆಯದವರ ಮಾರುಕಟ್ಟೆ ವರ್ಷಕ್ಕೆ 1,000 ಕೋಟಿ ಡಾಲರ್ ಎಂದು ಬರೆಯಿತು. ಷಿಕಾಗೋದ ಶೂ ಅಂಗಡಿಯಲ್ಲಿ ಕೆಲಸಕ್ಕಿದ್ದ ಯೂಜಿನ್ ಗಿಲ್ಬರ್ಟ್ ಎಂಬ ಹುಡುಗ, ತನ್ನ ವಯಸ್ಸಿನವರು ಏನು ಇಷ್ಟಪಡುತ್ತಾರೆ ಎಂದು ಅವರನ್ನೇ ಕೇಳಿ ಕಂಪನಿಗಳಿಗೆ ತಿಳಿಸುವುದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡ.

ಕಾರು, ಡ್ರೈವ್-ಇನ್?

ಕಾರು ಅಂದರೆ ಅಪ್ಪ ಅಮ್ಮನ ಕಣ್ಣಿಗೆ ಬೀಳದ ಒಂದು ಕೋಣೆ. ಕಾರಿನಲ್ಲೇ ಕೂತು ನೋಡುವ ಮೊದಲ ಸಿನಿಮಾ ಮೈದಾನ 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ತೆರೆಯಿತು. 1950ರ ದಶಕದ ಕೊನೆಗೆ ಅಂಥವು 4,000ಕ್ಕೂ ಹೆಚ್ಚಿದ್ದವು. ತಿಂಡಿ ಅಂಗಡಿಗಳವರಿಗೆ ಮಾತ್ರ ಹುಡುಗರ ಹಿಂಡು ತಲೆನೋವು. 1948ರಲ್ಲಿ ಮೆಕ್‌ಡೊನಾಲ್ಡ್ ಸಹೋದರರು ಕಾರಿನ ಬಳಿಗೆ ಬಂದು ಬಡಿಸುವ ಹುಡುಗಿಯರನ್ನು ತೆಗೆದು ಹಾಕಿದ್ದಕ್ಕೆ, ಹುಡುಗರು ಗುಂಪು ಕಟ್ಟಿ ಅಲ್ಲೇ ಠಳಾಯಿಸುವುದು ತಪ್ಪಲಿ ಅನ್ನುವುದೂ ಒಂದು ಕಾರಣ.

ಬೀಟ್ನಿಕ್‌ಗಳು ಇದೇ ಗುಂಪಿನವರಾ?

ಅಲ್ಲ. ಅವರು ಸ್ವಲ್ಪ ದೊಡ್ಡವರು, ಕವಿತೆ, ಜಾಝ್, ಕಾಫಿ ಅಂಗಡಿಗಳ ಲೋಕದವರು. ದಶಕದ ಕೊನೆಯಲ್ಲಿ ಕೆಲವು ಹೈಸ್ಕೂಲ್ ಮಕ್ಕಳು ಅವರ ಕಪ್ಪು ಸ್ವೆಟರನ್ನು ಅನುಕರಿಸಿದರು.

ದೊಡ್ಡವರು ಯಾಕೆ ಅಷ್ಟು ಹೆದರಿದ್ದರು?

ಬಾಲಾಪರಾಧ ಹೆಚ್ಚುತ್ತಿದೆ ಎಂಬ ದಿಗಿಲು ಇಡೀ ದೇಶದಲ್ಲಿತ್ತು. 1954ರಲ್ಲಿ ಸೆನೆಟ್ ಉಪಸಮಿತಿ ಕಾಮಿಕ್ಸ್ ಪುಸ್ತಕಗಳ ಬಗ್ಗೆಯೇ ವಿಚಾರಣೆ ನಡೆಸಿತು. ಅದೇ ವರ್ಷ ಪ್ರಕಾಶಕರು ತಾವೇ ಒಂದು ಕಟ್ಟುನಿಟ್ಟಿನ ಸಂಹಿತೆ ಮಾಡಿಕೊಂಡರು. ಭಯಾನಕ ಕಥೆಗಳ ಕಾಮಿಕ್ಸ್ ಹೆಚ್ಚೂ ಕಡಿಮೆ ಮಾಯವಾದವು. ನನ್ನ ಪ್ರಕಾರ ಆಳದ ಭಯ ಬೇರೆ. ಹಾಡು ಮತ್ತು ಕುಣಿತದ ದಾರಿಯಲ್ಲಿ ಮಕ್ಕಳು ಬಣ್ಣದ ಗೆರೆ, ವರ್ಗದ ಗೆರೆ ದಾಟುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳಲಾಗದವರು ಕೂದಲನ್ನೂ ಜೀನ್ಸನ್ನೂ ಬೈದರು.

ನಾವು ಓದಿದ ಆರ್ಚಿ ಕಾಮಿಕ್ಸ್ ಎಷ್ಟು ನಿಜ?

ವಿವರಗಳಲ್ಲಿ ಬಹಳಷ್ಟು ನಿಜ. 1941ರಲ್ಲಿ ಶುರುವಾದ ಈ ಕಾಮಿಕ್ಸ್‌ಗೆ ಚಿತ್ರಕಾರ ಬಾಬ್ ಮೊಂಟಾನಾ ಓದಿದ ಮಸಾಚುಸೆಟ್ಸ್‌ನ ಹೇವರ್‌ಹಿಲ್ ಹೈಸ್ಕೂಲು ಸ್ಫೂರ್ತಿ. ಆರ್ಚಿಯ ಎದೆಯ ಮೇಲಿನ 'ಆರ್' ಅಂದರೆ ಸ್ವೆಟರಿಗೆ ಹೊಲಿಸುವ, ಹಿಂದೆ ಹೇಳಿದ ಶಾಲೆಯ ಅಕ್ಷರ. ಅವನ ಗೆಳೆಯ ಜಗ್‌ಹೆಡ್ ತಲೆ ಮೇಲಿನ ಹಲ್ಲು ಹಲ್ಲಾದ ಕಿರೀಟವೂ ಕಲ್ಪನೆಯಲ್ಲ. ಆ ಕಾಲದ ಹುಡುಗರು ದೊಡ್ಡವರ ಹಳೇ ಫೆಲ್ಟ್ ಹ್ಯಾಟಿನ ಅಂಚನ್ನು ಮೇಲಕ್ಕೆ ಮಡಚಿ, ಅಂಕುಡೊಂಕಾಗಿ ಕತ್ತರಿಸಿ, ಬ್ಯಾಡ್ಜ್ ಸಿಕ್ಕಿಸಿ ಹಾಕುತ್ತಿದ್ದರು. ಶ್ರೀಮಂತ ವೆರೋನಿಕಾ, ಮಧ್ಯಮ ವರ್ಗದ ಬೆಟ್ಟಿ, ಇವರ ಬಟ್ಟೆಯ ವ್ಯತ್ಯಾಸವೂ ಸರಿಯಾಗಿದೆ.

ಆದರೆ ಆರ್ಚಿ ಓದುವ ರಿವರ್‌ಡೇಲ್ ಶಾಲೆಗೆ ಚಕ್ ಕ್ಲೇಟನ್ ಎಂಬ ಕಪ್ಪು ಹುಡುಗ ಖಾಯಂ ಪಾತ್ರವಾಗಿ ಬಂದದ್ದು 1971ರಲ್ಲಿ. ಆ ಹೊತ್ತಿಗೆ ಕಾಮಿಕ್ಸ್‌ಗೆ ಮೂವತ್ತು ವರ್ಷ ತುಂಬಿತ್ತು. 2023ರಲ್ಲಿ ಹಿಂದಿಯಲ್ಲಿ ಬಂದ 'ದಿ ಆರ್ಚೀಸ್' ಇದೇ ಕಥೆಯನ್ನು 1964ರ ಒಂದು ಆಂಗ್ಲೋ ಇಂಡಿಯನ್ ಗಿರಿಧಾಮಕ್ಕೆ ತಂದಿತು. ಬಟ್ಟೆ, ಸ್ಕೇಟಿಂಗ್, ಹಾಡು ಎಲ್ಲ ಅಲ್ಲಿಗೂ ಬಂದವು.

ಸಿನಿಮಾ, ಟಿವಿಯಲ್ಲಿ ಕಾಣುವ 50ರ ದಶಕ ನಂಬಬಹುದಾ?

ಅದರಲ್ಲಿ ಹೆಚ್ಚಿನದು 1970ರ ದಶಕದ ನೆನಪು. 'ಗ್ರೀಸ್' ನಾಟಕ ಷಿಕಾಗೋದಲ್ಲಿ ಶುರುವಾದದ್ದು 1971ರಲ್ಲಿ, ಸಿನಿಮಾ ಬಂದದ್ದು 1978ರಲ್ಲಿ. 'ಹ್ಯಾಪಿ ಡೇಸ್' ಧಾರಾವಾಹಿ 1974ರದ್ದು. ಅದರ ಫಾಂಜಿ ಪಾತ್ರಕ್ಕೆ ಮೊದಮೊದಲು ಚರ್ಮದ ಜಾಕೆಟ್ ಹಾಕಿಸಲು ವಾಹಿನಿ ಒಪ್ಪಿರಲಿಲ್ಲ. ಪುಂಡನಂತೆ ಕಾಣುತ್ತಾನೆ ಎಂಬ ಅಳುಕು. ಬೈಕ್ ಹತ್ತಿರ ಇದ್ದಾಗ ಮಾತ್ರ ಹಾಕಬಹುದು ಎಂದು ರಾಜಿ ಆಯಿತು. ಇಪ್ಪತ್ತು ವರ್ಷ ಕಳೆದರೂ ಆ ಜಾಕೆಟ್ಟಿನ ಭಯ ಪೂರ್ತಿ ಹೋಗಿರಲಿಲ್ಲ, ಅಲ್ವಾ? ವಿಯೆಟ್ನಾಂ ಯುದ್ಧದಿಂದ ಬಳಲಿದ್ದ ದೇಶಕ್ಕೆ ಒಂದು ಸಿಹಿಯಾದ ಹಿಂದಿನ ಕಾಲ ಬೇಕಿತ್ತು. ಆ ಸಿಹಿಯಲ್ಲಿ ಲಿಟಲ್ ರಾಕ್ ಇಲ್ಲ, ಝೂಟ್ ಸೂಟ್ ಇಲ್ಲ, ಅರ್ಧಕ್ಕೇ ಶಾಲೆ ಬಿಟ್ಟ ಹುಡುಗ ಇಲ್ಲ. ನೋಡಿ ಖುಷಿಪಡಿ, ಆದರೆ ಅದನ್ನೇ ಇತಿಹಾಸ ಎಂದುಕೊಳ್ಳಬೇಡಿ.

ಈ ಕಾಲ ಯಾವಾಗ ಮುಗಿಯಿತು?

ಸಾಮಾನ್ಯವಾಗಿ ಹೇಳುವುದು 1964ರ ಫೆಬ್ರವರಿ 9. ಅವತ್ತು ಬೀಟಲ್ಸ್ ಎಡ್ ಸಲಿವನ್ ಶೋನಲ್ಲಿ ಹಾಡಿದರು. ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಪೊಮೇಡ್ ಹಚ್ಚದ, ಹಣೆ ಮೇಲೆ ಇಳಿಬಿದ್ದ ಕೂದಲು ಹೊಸ ಜಗಳವಾಯಿತು.

ನಾನು ಇನ್ನೊಂದು ಘಟನೆಯನ್ನು ಮುಂದಿಡುತ್ತೇನೆ. 1965ರ ಡಿಸೆಂಬರಿನಲ್ಲಿ ಅಯೋವಾದ ಡೆ ಮೊಯಿನ್‌ನಲ್ಲಿ 13 ವರ್ಷದ ಮೇರಿ ಬೆತ್ ಟಿಂಕರ್ ಮತ್ತು ಇನ್ನು ಕೆಲವು ಮಕ್ಕಳು ವಿಯೆಟ್ನಾಂನಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಶಾಲೆ ಅವರನ್ನು ಅಮಾನತು ಮಾಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1969ರಲ್ಲಿ ಏಳು ನ್ಯಾಯಮೂರ್ತಿಗಳು ಮಕ್ಕಳ ಪರ, ಇಬ್ಬರು ವಿರುದ್ಧ ನಿಂತರು. ಶಾಲೆಯ ಗೇಟಿನೊಳಗೆ ಬಂದ ಮಾತ್ರಕ್ಕೆ ಮಕ್ಕಳು ತಮ್ಮ ವಾಕ್ ಸ್ವಾತಂತ್ರ್ಯ ಕಳೆದುಕೊಳ್ಳುವುದಿಲ್ಲ ಎಂದು ತೀರ್ಪು ಬಂತು. ಅದಾದ ಮೇಲೆ ಉದ್ದ ಕೂದಲು, ಜೀನ್ಸು, ಹುಡುಗಿಯರ ಪ್ಯಾಂಟಿನ ಬಗ್ಗೆಯೂ ಮಕ್ಕಳು ಮತ್ತು ಪೋಷಕರು ಊರೂರಲ್ಲಿ ಕೋರ್ಟಿಗೆ ಹೋದರು. ಕೆಲವು ಕಡೆ ಗೆದ್ದರು, ಕೆಲವು ಕಡೆ ಸೋತರು. 1970ರ ದಶಕದಲ್ಲಿ ಶಾಲೆಗಳ ಹಳೇ ಬಟ್ಟೆ ನಿಯಮಗಳು ಒಂದೊಂದಾಗಿ ಸಡಿಲವಾದವು.